ಅಕ್ಕನ ಪಾಳಿ

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಯಾರೂ ಜಗಳವಾಡುವಂತಿರಲಿಲ್ಲ. ವಾರದ ಜಗಳವೆಲ್ಲ ಐದು ಗಂಟೆಯೊಳಗೆ ಮುಗಿದಿರಬೇಕು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ನಾಲ್ಕೂವರೆಗೆ ನಮ್ಮಷ್ಟು ಗದ್ದಲದ ಮನೆ ಹುಬ್ಬಳ್ಳಿಯ ಇಡೀ ಕೇಶ್ವಾಪುರದಲ್ಲಿ ಇನ್ನೊಂದು ಇರುತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ತನ್ನ ಎಲೆಯಡಿಕೆಯ ಚೀಲ ಯಾರೋ ಮುಟ್ಟಿದ್ದಾರೆಂದು ಕೂಗಾಡುವಳು. ಅವ್ವ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಅದಕ್ಕೆ ಉತ್ತರ ಕೊಡುವಳು. ನಾನೂ ಅಕ್ಕನೂ ಹಿತ್ತಲಿನ ನಳದ ಹತ್ತಿರ ಯಾರು ಮೊದಲು ಮುಖ ತೊಳೆಯಬೇಕೆಂದು ಕಿತ್ತಾಡುವೆವು. ಐದಕ್ಕೆ ಅಪ್ಪ ಸೈಕಲ್ಲನ್ನು ಒಳಗೆ ತಂದು ಗೋಡೆಗೆ ಆನಿಸಿದರೆಂದರೆ ಎಲ್ಲ ತಣ್ಣಗಾಗುತ್ತಿತ್ತು. ಪಡಸಾಲೆಯಲ್ಲಿ ಜಮಖಾನ ಹಾಸುತ್ತಿದ್ದೆವು. ಮರುದಿನ ಚರ್ಚಿನಲ್ಲಿ ಓದಲಿರುವ ಶಾಸ್ತ್ರಪಾಠವನ್ನು ಹಿಂದಿನ ಸಂಜೆಯೇ ಮನೆಯವರೆಲ್ಲ ಕೂಡಿ ಓದಬೇಕು, ಅದರ ಅರ್ಥವನ್ನು ಮಾತಾಡಿಕೊಳ್ಳಬೇಕು, ಪ್ರಾರ್ಥನೆ ಮಾಡಬೇಕು, ಆಮೇಲೆಯೇ ಊಟ. ಯಾವ ವಾರ ಯಾವ ಪಾಠ ಎಂಬ ಪಟ್ಟಿಯನ್ನು ಚರ್ಚಿನವರು ವರ್ಷಕ್ಕೊಮ್ಮೆ ಕೊಡುತ್ತಿದ್ದರು. ಅದು ಕನ್ನಡಿಯ ಮೊಳೆಗೆ ತೂಗಾಡುತ್ತಿತ್ತು. ಅಡುಗೆಮನೆಯಿಂದ ಪುಂಡಿಪಲ್ಯದ ಒಗ್ಗರಣೆ ಪಡಸಾಲೆಯ ತನಕ ಬರುತ್ತಿತ್ತು. ಈಗಲೂ ಯಾವುದಾದರೂ ಪ್ರವಾದಿಯ ಹೆಸರು ಕಿವಿಗೆ ಬಿದ್ದರೆ ನನ್ನ ಬಾಯಲ್ಲಿ ನೀರೂರುತ್ತದೆ. ಅದು ಭಕ್ತಿಯಿಂದಲ್ಲ.

ಓದುವುದು ಪಾಳಿಯಂತೆ, ಒಬ್ಬರಿಗೆ ಒಂದೇ ವಚನ. ಅಪ್ಪ ಮೊದಲು, ಅವರ ಬಲಕ್ಕೆ ಆಯಿ, ಆಮೇಲೆ ಅವ್ವ, ನಾಲ್ಕನೆಯವಳು ಸುಗುಣಕ್ಕ, ಕೊನೆಗೆ ನಾನು. ಮತ್ತೆ ಅಪ್ಪನಿಂದ ಶುರು. ಆಯಿ ದಾರ ಕಟ್ಟಿದ ಚಷ್ಮಾದೊಳಗಿಂದ ಒಂದೊಂದೇ ಅಕ್ಷರ ಹೆಕ್ಕಿ ಓದುತ್ತಿದ್ದಳು. ಅವ್ವ ಒಲೆಯ ಮೇಲೇನೋ ಇಟ್ಟು ಬಂದವಳಂತೆ ಧಾವಿಸುತ್ತಿದ್ದಳು, ನಿಜಕ್ಕೂ ಇಟ್ಟೇ ಬಂದಿರುತ್ತಿದ್ದಳು. ಅಪ್ಪನಿಗೆ ದೇಶಪಾಂಡೆ ನಗರದ ಹಿಂದಿನ ಗಲ್ಲಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಅಲ್ಲಿ ಒಬ್ಬರು ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಪ್ಪ ಅಚ್ಚಾಗಿ ಬಂದ ಹಾಳೆಯ ಮೇಲೆ ಕಣ್ಣಿಟ್ಟು ಕೇಳಿಸಿಕೊಳ್ಳಬೇಕು, ಕಿವಿಗೂ ಕಣ್ಣಿಗೂ ತಾಳೆಯಾಗದ ಕಡೆ ಪೆನ್ಸಿಲ್ಲಿನಿಂದ ಗೆರೆ ಹಾಕಬೇಕು. ಮನೆಯಲ್ಲೂ ಅವರು ಕೂರುವುದು ಹಾಗೆಯೇ. ತಮ್ಮ ಪುಸ್ತಕದ ಮೇಲೆ ಪೆನ್ಸಿಲ್ಲಿನ ತುದಿ ಓಡಿಸುತ್ತ, ತಲೆ ತಗ್ಗಿಸಿ, ನಮ್ಮ ಧ್ವನಿಯನ್ನಷ್ಟೇ ಕೇಳುತ್ತಿದ್ದರು. ಯಾರಾದರೂ ಒಂದು ಪದ ನುಂಗಿದರೆ ಪೆನ್ಸಿಲ್ ನಿಲ್ಲುತ್ತಿತ್ತು. ಅಷ್ಟು ವರ್ಷಗಳಲ್ಲಿ ಓದುವವರ ಮುಖವನ್ನು ಅವರು ಒಮ್ಮೆಯಾದರೂ ನೋಡಿದ್ದು ನನಗೆ ನೆನಪಿಲ್ಲ.

ಪೆನ್ಸಿಲ್ ಎಂದೂ ನಿಲ್ಲದಿದ್ದುದು ಸುಗುಣಕ್ಕನ ಪಾಳಿಯಲ್ಲಿ ಮಾತ್ರ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ. ಆದರೆ ಆ ನಾಲ್ಕನೆಯ ವಚನ ಬಂದಾಗ ಅವಳ ಗಂಟಲಿನಿಂದ ಬೇರೆಯೇ ಒಂದು ಧ್ವನಿ ಬರುತ್ತಿತ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ, ಒಂದು ಒತ್ತಕ್ಷರವೂ ಜಾರದಂತೆ ಹೇಳುತ್ತಿದ್ದಳು. ಓದು ಮುಗಿದ ಮೇಲೆ ಅಪ್ಪ ನಮ್ಮಿಬ್ಬರಿಗೂ ಒಂದೇ ಪ್ರಶ್ನೆ ಕೇಳುವರು.

"ಈ ಮಾತು ಈ ವಾರ ನಮ್ಮ ಮನ್ಯಾಗ ಎಲ್ಲಿ ನಡೀತು, ಹೇಳ್ರಿ ನೋಡೋಣು."

ನಾನು ಚರ್ಚಿನ ಮಾತುಗಳನ್ನೇ ಅತ್ತಿತ್ತ ಮಾಡಿ ಒಪ್ಪಿಸುತ್ತಿದ್ದೆ. ಅಕ್ಕ, "ಮೊನ್ನಿ ಆಯಿ ಬಾಜೂಮನಿ ಸೊಸಿಗೆ ತನ್ನ ಕೌದಿ ಕೊಟ್ಟು, ತಾ ಅಪ್ಪನ ಧೋತರ ಹೊಚಗೊಂಡು ಮಲಗಿದ್ಲಲ್ಲ, ಅದ" ಎನ್ನುವಳು. ಆಯಿ ಚಷ್ಮಾ ತೆಗೆದು ಒರೆಸಿಕೊಳ್ಳುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿ, ಅಕ್ಕನನ್ನು ನೋಡಿ ಕಲಿ ಎನ್ನುವರು. ನಾನು ಹೂಂ ಎಂದು ತಲೆಯಾಡಿಸುತ್ತಿದ್ದೆ. ಅಕ್ಕನಿಗೆ ಓದಲು ಬರುವುದಿಲ್ಲ ಎಂಬುದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಅದು ಶುರುವಾದದ್ದು ನಾನು ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದಾಗ. ನನಗೆ ಓದು ಬೇಗ ಹತ್ತಿತು. ಹತ್ತಿದ ಮೇಲೆ ಜಂಭವೂ ಹತ್ತಿತು. ಅಂಗಡಿಯ ಬೋರ್ಡು, ಬೆಂಕಿಪೊಟ್ಟಣ, ಬಸ್ಸಿನ ಬೆನ್ನು, ಕಂಡದ್ದನ್ನೆಲ್ಲ ಕೂಗಿ ಓದುತ್ತಿದ್ದೆ. ಒಂದು ಶನಿವಾರ ಮುಂಜಾನೆ ಅಕ್ಕ ಹಿತ್ತಲಿನಲ್ಲಿ ಅಕ್ಕಿ ಆರಿಸುತ್ತ, ಇವತ್ತಿನ ಪಾಠ ಓದು ನೋಡೋಣ, ನಿನಗೆ ಬರುತ್ತದೋ ಇಲ್ಲವೋ ಎಂದಳು. ಬರುತ್ತದೆಂದು ತೋರಿಸಲು ಇಡೀ ಪಾಠ ಓದಿದೆ. ನಾಲ್ಕನೆಯದನ್ನು ಇನ್ನೊಮ್ಮೆ ಓದು ಎಂದಳು, ಆಮೇಲೆ ಒಂಬತ್ತನೆಯದನ್ನು. ಮುಂದಿನ ಶನಿವಾರವೂ ಹಾಗೆಯೇ ಆಯಿತು. ಮೂರನೆಯ ಶನಿವಾರ ನನಗೆ ತಿಳಿಯಿತು. ಅಕ್ಕ ಹೆದರಿದವಳಂತೆ ಕಾಣಲಿಲ್ಲ. ಅಕ್ಕಿಯ ಮೇಲಿನಿಂದ ಕಣ್ಣೆತ್ತದೆ ಹೇಳಿದಳು.

"ಅಕ್ಷರ ಬಿಡಿಬಿಡಿಯಾಗಿ ಗೊತ್ತದಾವು ತಂಗಿ. ಸಾಲಾಗಿ ನಿಂತ್ರ ಅವು ನನ್ನ ಮಾತು ಕೇಳೂದಿಲ್ಲ."

"ಶಾಲ್ಯಾಗ ಏನ್ ಮಾಡ್ತಿ?"

"ಸುಮ್ಮನಿರ್ತೇನಿ. ಬಾಯಿ ಇಲ್ಲದಾಕಿ ಅಂತ ಕಲಸೂ ಬಾಯಾರು ನನ್ನ ಕೇಳೂದ ಬಿಟ್ಟಾರ. ನೀ ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ನನಗೆ ಅದೊಂದು ಆಟವೂ ಆಗಿತ್ತು, ಒಂದು ಅಧಿಕಾರವೂ ಆಗಿತ್ತು. ಏಳು ವರ್ಷ ಪ್ರತಿ ಶನಿವಾರ ಮುಂಜಾನೆ ಅಕ್ಕನಿಗೆ ಅವಳ ವಚನಗಳನ್ನು ಓದಿ ಹೇಳಿದೆ: ನಾಲ್ಕು, ಒಂಬತ್ತು, ಹದಿನಾಲ್ಕು, ಪಾಠ ಉದ್ದವಿದ್ದರೆ ಹತ್ತೊಂಬತ್ತು. ಎರಡು ಸಲ ಓದಿದರೆ ಅವಳಿಗೆ ಸಾಕು. ಎಲ್ಲಾದರೂ ಎಣಿಕೆ ತಪ್ಪಿದರೆ ಇರಲಿ ಎಂದು ಹಿಂದಿನದೊಂದು ಮುಂದಿನದೊಂದು ವಚನವನ್ನೂ ಕಲಿತಿಡುತ್ತಿದ್ದಳು. ಇಬ್ಬರಿಗೂ ಸೇರಿ ಒಂದೇ ಪುಸ್ತಕ, ಅದನ್ನು ಹಿಡಿಯುವವಳು ನಾನು. ಅವಳ ಪಾಳಿ ಬಂದಾಗ ಹೆಬ್ಬೆರಳನ್ನು ಸಾಲಿನ ಕೆಳಗೆ ಇಡುತ್ತಿದ್ದೆ, ಅವಳು ಆ ಹೆಬ್ಬೆರಳನ್ನೇ ನೋಡುತ್ತ ಹೇಳುತ್ತಿದ್ದಳು. ಒಂದೇ ಒಂದು ಸಲ ನಾವು ಸಿಕ್ಕಿಬೀಳುವುದರಲ್ಲಿದ್ದೆವು. ಚರ್ಚಿನ ಅಯ್ಯನವರು ಹೇಳದೆ ಕೇಳದೆ ಬಂದು, ಪಾಠ ಶುರುವಾದ ಮೇಲೆ, ಅವ್ವನಿಗೂ ಅಕ್ಕನಿಗೂ ನಡುವೆ ಕುಳಿತುಬಿಟ್ಟರು. ಐವರ ಲೆಕ್ಕ ಆರಾಯಿತು. ಮೊದಲನೆಯ ಸುತ್ತಿನಲ್ಲಿ ಐದನೆಯ ವಚನ ಬಂತು, ಅದು ಅಕ್ಕ ಕಲಿತಿಟ್ಟದ್ದೇ. ಎರಡನೆಯ ಸುತ್ತಿಗೆ ಹನ್ನೊಂದು. ಅದು ಅವಳ ಹತ್ತಿರ ಇರಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು, "ಅಯ್ಯನೋರ, ಇವತ್ತ ನನ್ನ ಪಾಳೀನೂ ನೀವ ಓದ್ರಿ, ನಿಮ್ಮ ಬಾಯಿಂದ ಕೇಳಬೇಕು" ಎಂದಳು. ಅಯ್ಯನವರು ಹಿಗ್ಗಿಹೋದರು. ಇಂಥ ನಮ್ರತೆ ಈಗಿನ ಹುಡುಗಿಯರಲ್ಲಿ ಎಲ್ಲಿದೆ ಎಂದು ಮರುದಿನದ ಉಪದೇಶದಲ್ಲೂ ಸೇರಿಸಿದರು. ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ನಗು ತಡೆಯಲಾರದೆ ಕೆಮ್ಮಿದೆವು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಆಮೇಲೆ ಕಂಡಿಲ್ಲ.

ಮುಲ್ಕಿ ಪರೀಕ್ಷೆಯಲ್ಲಿ, ಅಂದರೆ ಏಳನೆಯ ಇಯತ್ತೆಯದರಲ್ಲಿ, ಅಕ್ಕ ಎರಡು ಸಲ ಫೇಲಾದಳು. ಅಪ್ಪ ಅದಕ್ಕೆ ತಮಗೆ ಒಪ್ಪುವ ಕಾರಣ ಹುಡುಕಿಕೊಂಡರು: ಲೆಕ್ಕ ತಲೆಗೆ ಹತ್ತುವುದಿಲ್ಲ, ಬರೆಯುವುದೆಂದರೆ ಬೇಸರ, ಓದು ಮಾತ್ರ ದೇವರು ಕೊಟ್ಟದ್ದು. ಬಂದ ನೆಂಟರ ಮುಂದೆಲ್ಲ ಇದನ್ನೇ ಹೇಳುವರು. ಒಂದು ಅನುಸ್ವಾರದ ಸೊನ್ನೆ ಬಿಟ್ಟುಹೋದರೂ ದೂರದಿಂದಲೇ ಗುರುತಿಸುತ್ತಿದ್ದ ಮನುಷ್ಯನಿಗೆ ತನ್ನ ಮನೆಯಲ್ಲಿ ನಡೆದದ್ದು ಕಾಣಲಿಲ್ಲ ಎಂದರೆ ಈಗ ನಂಬುವುದು ಕಷ್ಟ. ಆದರೆ ಅವರು ಹಿಡಿಯುತ್ತಿದ್ದುದು ತಪ್ಪನ್ನು, ಅಕ್ಕ ತಪ್ಪೇ ಮಾಡುತ್ತಿರಲಿಲ್ಲ. ಓದುವವರಾದ ನಾವು ಎಡವುತ್ತಿದ್ದೆವು, ಬಾಯಿಪಾಠದವಳು ಎಡವುತ್ತಿರಲಿಲ್ಲ. ಇದನ್ನು ಅಪ್ಪನಿಗೆ ಹೇಳಿಬಿಡಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲವೇ ಎಂದು ಕೇಳಿದರೆ, ಅನ್ನಿಸಿತ್ತು. ಹೇಳಿದ್ದರೆ ಶನಿವಾರದ ಮೆಚ್ಚುಗೆಯೂ ಅವಳ ಕೈ ತಪ್ಪುತ್ತಿತ್ತು. ಉಳಿದ ಆರು ದಿನ ಆ ಮನೆಯಲ್ಲಿ ಅವಳನ್ನು ಯಾರೂ ಯಾವುದಕ್ಕೂ ಮೆಚ್ಚುತ್ತಿರಲಿಲ್ಲ.

ಅಕ್ಕನಿಗೆ ಹದಿನಾರಾದಾಗ ಒಂದು ಶನಿವಾರ ಪಾಠ ಮುಗಿಯಿತು, ಪ್ರಾರ್ಥನೆ ಮುಗಿಯಿತು, ಅವ್ವ ಏಳಲು ನೆಲಕ್ಕೆ ಕೈ ಊರಿದಳು. ಅಪ್ಪ ಅವಳನ್ನು ಕೂಡಿಸಿದರು.

"ತಡಿ, ಒಂದು ಮಾತೈತಿ. ಪ್ರೆಸ್ಸಿನ್ಯಾಗ ಪ್ರತಿ ಓದೂ ಹುಡುಗಿ ಲಗ್ನಾಗಿ ಹೋದ್ಲು. ಮಾಲಕರಿಗೆ ಹೇಳೇನಿ, ನನ್ನ ಮಗಳು ಓದಿದ್ರ ಒಂದ ಅಕ್ಷರ ಹೆಚ್ಚು ಕಡಿಮಿ ಆಗೂದಿಲ್ಲ ಅಂತ. ಸೋಮವಾರದಿಂದ ಸುಗುಣಾ ನನ್ನ ಜೋಡಿ ಬರ್ತಾಳ."

ಅವ್ವ, ದೇವರು ಕಣ್ಣು ಬಿಟ್ಟ ಎಂದಳು. ಆಯಿ ಅಕ್ಕನ ತಲೆ ಸವರಿದಳು. ಅಕ್ಕ ಜಮಖಾನದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ಆ ಹೊತ್ತಿಗೆ ಬಾಯಿ ಬಿಟ್ಟಿದ್ದರೆ ಇಷ್ಟು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಪುಂಡಿಪಲ್ಯ ಹಾಕಿಸಿಕೊಂಡು ಉಂಡೆ.

ರವಿವಾರ ಚರ್ಚಿನಿಂದ ಬಂದು, ಮಧ್ಯಾಹ್ನದ ಪಾತ್ರೆ ತಿಕ್ಕುವಾಗ ಹಿತ್ತಲಿನಲ್ಲಿ ಇಬ್ಬರೇ ಇದ್ದೆವು. ಅಪ್ಪನಿಗೆ ಹೇಳಿಬಿಡು ಎಂದು ನಾನು, ನೀನೇ ಹೇಳುತ್ತೀಯೇನು ಎಂದು ಅವಳು. ನಾನು ಬೂದಿಯಲ್ಲಿ ಬೆರಳಾಡಿಸಿ ಒಂದು ಪದ ಬರೆದು, ಓದು, ಕೂಡಿಸಿ ಓದು ಎಂದೆ. ಅವಳು ಮೊದಲನೆಯ ಅಕ್ಷರ ಹೇಳಿದಳು, ಎರಡನೆಯದನ್ನೂ ಹೇಳಿದಳು, ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹೋಗಿತ್ತು. ಇನ್ನೊಂದು ಪದ ಬರೆದೆ. ಏಳು ವರ್ಷದಲ್ಲಿ ಮಾಡದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮಾಡಲು ಹೊರಟಿದ್ದೆ. ಅದೂ ಸಿಟ್ಟಿನಿಂದ, ಅವಳೇನೋ ಬೇಕೆಂದೇ ಓದುತ್ತಿಲ್ಲ ಎಂಬಂತೆ. ಕೊನೆಗೆ ಅಕ್ಕ ಬೂದಿಯ ಮೇಲೆ ಅಂಗೈ ಎಳೆದು ಎಲ್ಲವನ್ನೂ ಒರೆಸಿದಳು.

"ಬಿಡು ತಂಗಿ. ನಾಳಿ ಗಂಟಲು ಕೆಟ್ಟೈತಿ ಅಂತೇನಿ."

"ನಾಡಿದ್ದು?"

ಅವಳು ಮುಂದಿನ ಪಾತ್ರೆ ಎಳೆದುಕೊಂಡಳು. ಸೋಮವಾರ ಬೆಳಿಗ್ಗೆ ಅವ್ವ ತನ್ನ ಇಳಕಲ್ ಸೀರೆ ತೆಗೆದು ಅಕ್ಕನಿಗೆ ಉಡಿಸಿದಳು. ಗಂಟಲಿನ ಮಾತು ಬಂದಾಗ ಅಪ್ಪ ಹಿಪ್ಪಲಿ ಕುಟ್ಟಿ ಜೇನಿನಲ್ಲಿ ಕೊಡಿಸಿದರು, ಅವಳು ಅದನ್ನು ನೆಕ್ಕಿ ಹೊರಟಳು. ಅಪ್ಪ ಅವತ್ತು ಸೈಕಲ್ ಹತ್ತದೆ, ಅದನ್ನು ತಳ್ಳಿಕೊಂಡು ಅವಳ ಪಕ್ಕದಲ್ಲಿ ನಡೆದುಹೋದರು.

ಅಲ್ಲಿ ನಡೆದದ್ದನ್ನು ನಮಗೆ ಹೇಳಿದವರು ಮೌಲಾಸಾಬ ಕಾಕಾ. ಅವರು ಅದೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ಅಪ್ಪನ ಹಳೆಯ ಗೆಳೆಯರು. ಸಂಜೆ ನಾಲ್ಕರ ಹೊತ್ತಿಗೆ ಅಕ್ಕನನ್ನು ಮನೆಗೆ ತಂದುಬಿಟ್ಟವರೂ ಅವರೇ. ನಾನು ಶಾಲೆಯಿಂದ ಬಂದಾಗ ಬಾಗಿಲಲ್ಲೇ ನಿಂತು, ಕೊಟ್ಟ ಚಹಾ ಮುಟ್ಟದೆ, ಅವ್ವನಿಗೆ ಹೇಳುತ್ತಿದ್ದರು.

"ಬೀಜದ ಅಂಗಡೀದು ಒಂದು ಜಾಹೀರಾತು ಇತ್ತು ವೈನಿ, ಸಣ್ಣ ಕೆಲಸ. ಹುಡುಗಿ ಕೈಯಾಗ ಪ್ರತಿ ಕೊಟ್ರು, ನಿಮ್ಮವರು ಪ್ರೂಫ್ ಹಿಡಕೊಂಡು ಕುಂತ್ರು. ನಡೀಲಿ ಅಂದ್ರು. ಮತ್ತ ನಡೀಲವಾ ಅಂದ್ರು. ಆವಾಗ ಶುರು ಮಾಡಿದ್ಲು ನೋಡ್ರಿ, ಎಂಥ ಛಲೋ ಧ್ವನಿ, ನಾವೆಲ್ಲ ಮೊಳಿ ಬಿಟ್ಟು ಕೇಳಾಕತ್ವಿ. ಆದ್ರ ಅದು ಬೀಜದ್ದಲ್ಲರಿ. ನಿಮ್ಮ ದೇವರ ಪಾಠರಿ."

ಅವ್ವನಿಗೆ ಅರ್ಥವಾಗಲಿಲ್ಲ. ಕಾಕಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಇವರು ತಲಿ ಎತ್ತಲಿಲ್ಲರಿ. ಪೆನ್ಸಿಲ್ ಹಿಡಕೊಂಡು ಆ ಹಾಳಿ ಮ್ಯಾಲೆ ಹುಡಕಾಕತ್ರು, ಎಲ್ಲೈತಿ ಈ ಸಾಲು ಅಂತ. ಸಿಗಲಿಲ್ಲ. ಹಾಳಿ ತಿರುವಿ ಹಿಂದ ನೋಡಿದ್ರು. ಹಿಂದ ಏನಿರ್ತೈತ್ರಿ, ಖಾಲಿ. ಆಮ್ಯಾಲ ಮಾರಿ ಎತ್ತಿ ಮಗಳನ್ನ ನೋಡಿದ್ರು. ಹುಡುಗಿ ಕಣ್ಣು ಮುಚಗೊಂಡು ಹೇಳಾಕತ್ತಿತ್ತು."

ಅಕ್ಕ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ, ಅವ್ವನ ಸೀರೆಯಲ್ಲೇ ಕುಳಿತಿದ್ದಳು. ಬೇರೇನಾದರೂ ಮಾಡಬಹುದಿತ್ತಲ್ಲ ಎಂದು ನಾನು ಕೇಳಿದಾಗ, ಬಾಯಿ ತೆರೆದರೆ ಅದೇ ಬಂತು ಎಂದಷ್ಟೇ ಹೇಳಿದಳು. ಅಪ್ಪ ಎಂದಿನ ಹೊತ್ತಿಗೆ ಬಂದರು, ಎಂದಿನಂತೆ ಸೈಕಲ್ ಆನಿಸಿದರು, ಕೈಕಾಲು ತೊಳೆದರು. ಅವರು ಹೊಡೆಯುತ್ತಾರೆಂದು ಕಾದೆವು. ಅಪ್ಪ ಹೊಡೆಯುವವರಲ್ಲ, ಆದರೂ ಹೊಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅವರು ಅಕ್ಕನನ್ನು ಪಡಸಾಲೆಗೆ ಕರೆದು, ಪುಸ್ತಕವನ್ನು ಎಲ್ಲೆಂದರಲ್ಲಿ ತೆರೆದು ಅವಳ ಮುಂದೆ ಇಟ್ಟರು. ಅವಳು ಓದಲಿಲ್ಲ. ಇನ್ನೊಂದು ಪುಟ ತೆರೆದರು. ಆಮೇಲೆ ಮೆಲ್ಲಗೆ ಮುಚ್ಚಿದರು.

"ಇಷ್ಟು ವರ್ಷ ಯಾರು ಹೇಳಿಕೊಟ್ರು ನಿನಗ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಯಾರೂ ಇಲ್ಲರಿ. ನೀವು ಮುಂಜಾನಿ ಒಬ್ಬರ ಓದಿಕೋತಿದ್ರಲ್ಲ, ಅದನ್ನ ಕೇಳಿ ಕಲ್ತೆ."

"ನನ್ನಿಂದ ಕೇಳಿ, ನನಗ ಒಪ್ಪಿಸಿದಿ?"

"ಹೌದ್ರಿ."

ನಾನು ಮುಂದೆ ಹೋಗಿ ನಿಜ ಹೇಳಬೇಕಿತ್ತು. ಕಾಲು ಏಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಚೆನ್ನಾಗಿಯೇ ಇದ್ದವು. ಹೇಳಿದರೆ ಅಪ್ಪ ನನ್ನನ್ನೂ ಹಾಗೆ ನೋಡುತ್ತಾರಲ್ಲ ಎಂದು ಹೆದರಿದೆ, ಅಷ್ಟೇ. ಅಪ್ಪ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿ, ದೀಪ ಹಚ್ಚು ಎಂದರು.

ಮುಂದಿನ ಶನಿವಾರ ಐದು ಗಂಟೆಗೆ ಜಮಖಾನ ಹಾಸಿದೆವು. ಅಕ್ಕ ತನ್ನ ಜಾಗದಲ್ಲಿ ಬಂದು ಕುಳಿತಳು. ಅಪ್ಪ ಪುಸ್ತಕದಿಂದ ತಲೆಯೆತ್ತದೆ ಹೇಳಿದರು.

"ಸುಗುಣಾ, ನೀ ಒಲಿ ನೋಡು."

ಅಕ್ಕನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಎದ್ದು ಹೋದಳು. ಆಯಿ ತನ್ನ ಪುಸ್ತಕ ಮುಚ್ಚಿಬಿಟ್ಟಳು. ಆಯಿ ಮಗನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆಕಿ ಬಾಯಿಂದ ಬಂದದ್ದು ದೇವರ ಮಾತ ಅಲ್ಲೇನೋ? ಹೊಲಸು ಮಾತಾಡಿದ್ಲೇನು ಕೂಸು?"

"ಅದು ಓದಲ್ಲ. ದೇವರ ಮುಂದ ನಾಟಕ ಅದು. ನಮ್ಮ ಅಜ್ಜನ ಕೈಯಾಗ ಮಿಶನ್ನಿನೋರು ಪುಸ್ತಕ ಕೊಟ್ರು, ಓದಾಕ ಕಲಿಸಿದ್ರು, ಅದಕ್ಕ ನಾವು ನಾಲ್ಕು ಮಂದ್ಯಾಗ ಮನಷ್ಯಾರಾದ್ವಿ. ಬರೇ ಕೇಳಿ ಹೇಳೂದಾಗಿದ್ರ ಇದ್ದಲ್ಲೇ ಇರತಿದ್ವಿ."

ಅಪ್ಪನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರು ಹೆದರಿದ್ದರು, ಅದು ನನಗೆ ಬಹಳ ತಡವಾಗಿ ತಿಳಿಯಿತು. ಮೂರು ತಲೆಮಾರು ಪುಸ್ತಕವನ್ನು ಹಿಡಿದುಕೊಂಡು ಮೇಲೆ ಬಂದ ಮನೆಯಲ್ಲಿ ಒಬ್ಬಳು ಕೈ ಬಿಟ್ಟಳು ಎಂದು ಅವರಿಗೆ ಅನ್ನಿಸಿತ್ತು. ಅಪ್ಪ ಮೊದಲನೆಯ ವಚನ ಓದಿದರು, ಆಯಿ ಬೇಕೋ ಬೇಡವೋ ಎಂಬಂತೆ ಎರಡನೆಯದನ್ನು, ಅವ್ವ ಮೂರನೆಯದನ್ನು. ನಾಲ್ಕನೆಯದು ನನಗೆ ಬಂತು. ಮುಂಜಾನೆ ಅದನ್ನೇ ಅಕ್ಕನಿಗೆ ಎರಡು ಸಲ ಓದಿ ಹೇಳಿದ್ದೆ. ಅಪ್ಪ ಮತ್ತೆ ಕೂಡಿಸಿಕೊಳ್ಳಬಹುದು ಎಂದು ಇಬ್ಬರೂ ನಂಬಿದ್ದೆವು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಾನು ಓದುವಷ್ಟು ಹೊತ್ತು ನಿಂತು, ಆಮೇಲೆ ಮತ್ತೆ ಶುರುವಾಯಿತು. ಅವತ್ತಿನಿಂದ ಶನಿವಾರದ ರೊಟ್ಟಿ ಐದರ ಮೇಲೆಯೇ ಆಗುತ್ತಿತ್ತು, ಬಿಸಿ ಬಿಸಿ ತಿನ್ನುತ್ತಿದ್ದೆವು.

ನಾನು ಧಾರವಾಡಕ್ಕೆ ಹೋಗಿ ಶಿಕ್ಷಕಿಯ ತರಬೇತಿ ಮುಗಿಸಿ, ಅಲ್ಲೇ ಕನ್ನಡ ಕಲಿಸುವ ಕೆಲಸ ಹಿಡಿದೆ. ಎಷ್ಟೋ ವರ್ಷಗಳ ಮೇಲೆ ಒಂದು ಶಿಬಿರದಲ್ಲಿ, ಅಕ್ಷರಗಳು ಸಾಲಾಗಿ ನಿಲ್ಲದ ಇಂಥ ಮಕ್ಕಳ ಬಗ್ಗೆ ಒಬ್ಬ ಡಾಕ್ಟರು ಮಾತಾಡಿದರು. ಅದು ದಡ್ಡತನವಲ್ಲ, ಅದಕ್ಕೊಂದು ಹೆಸರಿದೆ, ಸಣ್ಣಂದಿನಲ್ಲೇ ಗುರುತಿಸಿದರೆ ಬೇರೆ ರೀತಿಯಿಂದ ಕಲಿಸಬಹುದು ಎಂದರು. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು ಅಕ್ಕನಿಗೆ ಆ ಹೆಸರು ಹೇಳಿದೆ. ಅಷ್ಟರಲ್ಲಿ ಅವಳ ಕೂದಲು ಅರ್ಧ ನೆರೆತಿತ್ತು. ಎರಡು ಕಡೆಯಿಂದ ಸಂಬಂಧ ಬಂದಿದ್ದವು. ಅಪ್ಪ ಮೊದಲ ಮಾತಿಗೇ, ನನ್ನ ಮಗಳಿಗೆ ಓದು ಬರುವುದಿಲ್ಲ ಎಂದು ಹೇಳಿಬಿಡುತ್ತಿದ್ದರು, ಸುಳ್ಳು ಹೇಳಬಾರದು ಎಂದು. ಎರಡೂ ಮುರಿದವು. ಅಕ್ಕ ನಾನು ಹೇಳಿದ ಹೆಸರನ್ನು ಪೂರ್ತಿ ಕೇಳಿದಳು.

"ಹೆಸರು ಇಟ್ಕೊಂಡು ಏನ್ ಮಾಡ್ಲಿ ತಂಗಿ ಈಗ?"

"ಕಲಸ್ತೇನಿ ಬಾ. ಆಗ್ತದಂತ, ಡಾಕ್ಟರು ಹೇಳ್ಯಾರ."

"ನೀ ಆವಾಗ ಓದಿ ಹೇಳದ ಇದ್ದಿದ್ರ ನಾ ಅವತ್ತ ಸಿಕ್ಕೊಂಡು ಬೀಳ್ತಿದ್ದೆ. ಸಣ್ಣಾಕಿ ಇದ್ದೆ, ಯಾರರೆ ಕಲಸ್ತಿದ್ರು. ಖರೇ ಹೌದಲ್ಲ?"

ಬೈಯುವ ಧ್ವನಿಯಲ್ಲ, ಕೇಳುವ ಧ್ವನಿ. ಹೌದು ಎಂದೆ. ಚಹಾ ಕುಡಿದು ಹೋಗು ಎಂದು ಒಳಗೆ ಹೋದಳು. ನೂರಾರು ಮಕ್ಕಳ ಕೈ ಹಿಡಿದು ತಿದ್ದಿಸಿದ್ದೇನೆ. ನಿವೃತ್ತಿಯ ದಿನ ಊರೆಲ್ಲ ಅದನ್ನೇ ಹೊಗಳಿತು. ನನಗೆ ಹೊಗಳಿಕೆ ಬೇಡವೆಂದಲ್ಲ, ಹೊಗಳುವಾಗಲೆಲ್ಲ ಈ ಮಾತು ಕಿವಿಯಲ್ಲಿ ಬರುತ್ತದೆ.

ಆಯಿ ಹೋದಳು, ಅವ್ವನೂ ಹೋದಳು. ಮನೆಯಲ್ಲಿ ಅಪ್ಪ ಮತ್ತು ಅಕ್ಕ ಇಬ್ಬರೇ. ಸಕ್ಕರೆ ರೋಗ ಅಪ್ಪನ ಕಣ್ಣುಗಳನ್ನು ಒಂದಾದ ಮೇಲೊಂದು ತೆಗೆದುಕೊಂಡಿತು. ಅಕ್ಕ ಅವರಿಗೆ ಸ್ನಾನ ಮಾಡಿಸುವಳು, ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಅನ್ನ ಎಲ್ಲಿದೆ ಎಂದು ಬೆರಳು ಹಿಡಿದು ತೋರಿಸುವಳು. ಇಷ್ಟು ವರ್ಷ ಅಡುಗೆಮನೆಯಲ್ಲಿ ಕುಳಿತು ಕೇಳಿ ಕೇಳಿ ಚರ್ಚಿನ ಪಟ್ಟಿಯ ಪಾಠಗಳೆಲ್ಲ ಅವಳಿಗೆ ಬಾಯಿಗೆ ಬರುತ್ತಿದ್ದವು. ಕಣ್ಣು ಹೋದ ಮೊದಲ ತಿಂಗಳುಗಳಲ್ಲಿ, ನಾ ಹೇಳಲೇ ಎಂದು ಒಂದೆರಡು ಸಲ ಕೇಳಿದಳಂತೆ. ಬೇಡ, ಶನಿವಾರ ನಿನ್ನ ತಂಗಿ ಬರುತ್ತಾಳೆ ಎಂದರಂತೆ. ಆಮೇಲೆ ಅವಳು ಕೇಳಲಿಲ್ಲ. ವಾರದ ಆರು ದಿನ ಅಪ್ಪ ಒಂದು ವಚನವೂ ಇಲ್ಲದೆ ಆ ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು. ಶನಿವಾರ ನಾನು ಮಧ್ಯಾಹ್ನದ ಬಸ್ಸಿಗೆ ಹೋಗಿ ಓದುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಹೇಳಿಯೇಬಿಟ್ಟೆ.

"ಅಪ್ಪಾ, ಅಕ್ಕಗ ಆವಾಗ ವಚನ ಓದಿ ಹೇಳ್ತಿದ್ದಾಕಿ ನಾನ. ಆಕಿ ನಿಮ್ಮ ಮುಂದ ನನ್ನ ಹೆಸರು ಮುಚ್ಚಿದ್ಲು."

ಅಪ್ಪ ನನ್ನ ಧ್ವನಿಯ ಕಡೆ ಮುಖ ತಿರುಗಿಸಿದರು.

"ನೀ ಸಣ್ಣಾಕಿ ಇದ್ದಿ, ಬಿಡು."

ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡದ್ದು ನನಗೆ ಅಷ್ಟರಲ್ಲಿ ಮಾಫಾಯಿತು. ನನಗಿಂತ ಎರಡೇ ವರ್ಷ ದೊಡ್ಡವಳು ಬಾಗಿಲಲ್ಲಿ ಕುಳಿತು ಮೆಂತ್ಯೆ ಸೋಸುತ್ತಿದ್ದಳು.

ಅಪ್ಪ ಹಾಸಿಗೆ ಹಿಡಿಯುವುದಕ್ಕೆ ಮುಂಚಿನ ಒಂದು ಶನಿವಾರ. ನಾನು ಓದುತ್ತಿದ್ದೆ. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಪುಟ ತಿರುವಲು ತಲೆಯೆತ್ತಿದಾಗ ಅವಳ ತುಟಿ ಆಡುತ್ತಿರುವುದು ಕಂಡಿತು. ಧ್ವನಿ ಇಲ್ಲ. ನಾನು ಇನ್ನೂ ಓದದ ಪದದ ಮೇಲೆ ಅವಳ ತುಟಿ ಇತ್ತು. ನಾನು ವಚನದ ನಡುವೆಯೇ ನಿಲ್ಲಿಸಿದೆ. ಅವಳು ಮುಂದುವರಿಸಲಿ, ಒಂದು ಸಲ ಅವಳ ಧ್ವನಿ ಆ ಕೋಣೆಯಲ್ಲಿ ಬರಲಿ, ಆಮೇಲೆ ಏನಾದರಾಗಲಿ ಎಂದುಕೊಂಡೆ. ನಾನು ನಿಂತದ್ದೇ ಅವಳ ತುಟಿಯೂ ನಿಂತಿತು.

"ಯಾಕ ನಿಂತಿ? ಓದು" ಎಂದರು ಅಪ್ಪ.

"ಅಪ್ಪಾ, ಇದರ ಮುಂದಿನದು ಅಕ್ಕ ಹೇಳ್ತಾಳ್ರಿ. ಆಕಿಗೆ ಬರ್ತೈತಿ."

"ಓದೋರು ಓದ್ಲಿ."

ನಾನು ಅಕ್ಕನ ಕಡೆ ನೋಡಿದೆ, ಬೇಡಿಕೊಂಡೆ ಅಂದರೂ ಸರಿಯೇ. ಅವಳು ಅವರೆಕಾಳಿನ ಬುಟ್ಟಿ ಎತ್ತಿಕೊಂಡು ಎದ್ದಳು.

"ಓದು ತಂಗಿ. ಅವರಿಗೆ ಊಟದ ಹೊತ್ತಾತು."

ಒಳಗೆ ಹೋದಳು. ನನಗೆ ಸಾಲು ತಪ್ಪಿಹೋಗಿತ್ತು, ಕಣ್ಣಿಗೆ ನೀರೂ ಬಂದಿತ್ತು. ಹೇಗೋ ಹುಡುಕಿ ಶುರುಮಾಡಿ ಒಂದು ಪದವನ್ನು ಬಿಟ್ಟು ಓದಿದೆ. ಅಪ್ಪ ಕೈಯೆತ್ತಿ ತಡೆದರು. ಅವರ ಮುಂದೆ ಪುಸ್ತಕವಿರಲಿಲ್ಲ, ಪೆನ್ಸಿಲ್ ಇರಲಿಲ್ಲ, ಕಣ್ಣೂ ಇರಲಿಲ್ಲ. ಬಿಟ್ಟುಹೋದ ಆ ಪದವನ್ನು ಬಾಯಿಪಾಠದಿಂದಲೇ ಹೇಳಿ, ಸರಿಯಾಗಿ ಓದು ಎಂದರು. ನಾನು ತಿದ್ದಿಕೊಂಡು, ಆ ವಚನವನ್ನು ಮತ್ತೆ ಮೊದಲಿನಿಂದ ಓದಿದೆ.